ರುಚಿ ನೋಡುವುದು ಊಟವಲ್ಲ

ಡೊಂಬಿವಲಿ ಪೂರ್ವದಲ್ಲಿ ಯಜ್ಞೇಶ್ವರ ರಾಯರ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಜು ಇಷ್ಟು ವರ್ಷಗಳಲ್ಲಿ ಎರಡು ಸಲ ಮುಂದಕ್ಕೆ ಸರಿದಿತ್ತು. ಹಿಂದಿನ ಗೋಡೆ ಜರುಗುವಂತಿರಲಿಲ್ಲ, ರಾಯರ ಹೊಟ್ಟೆ ಮುಂದೆ ಬರುವುದನ್ನು ಬಿಟ್ಟಿರಲಿಲ್ಲ, ಹಾಗಾಗಿ ಮೇಜೇ ಸೋಲಬೇಕಾಯಿತು. ಇನ್ನೊಂದು ಸಲ ಸರಿಸಿದರೆ ಗಿರಾಕಿಗಳು ಅಡ್ಡ ತಿರುಗಿ ಒಳಗೆ ಬರಬೇಕಾಗುತ್ತಿತ್ತು. ರಾಯರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಯಜಮಾನನೇ ಬಡಕಲಾಗಿರುವ ಹೋಟೆಲಿಗೆ ಯಾರು ತಾನೇ ನಂಬಿ ಬಂದಾರು ಎಂಬುದು ಅವರ ವಾದ.

ಬೇಸರವಿದ್ದದ್ದು ಹೆಂಡತಿ ಸುಗುಣಕ್ಕನಿಗೆ. ಬೇಸರ ಎನ್ನುವುದಕ್ಕಿಂತ ಭಯ ಎನ್ನಬೇಕು. ರಾಯರ ಗೊರಕೆ ನಡುವೆ ಒಮ್ಮೊಮ್ಮೆ ಉಸಿರಿನ ಸಮೇತ ನಿಂತುಬಿಡುತ್ತಿತ್ತು, ಆಮೇಲೆ ಗಕ್ಕನೆ ಮತ್ತೆ ಶುರುವಾಗುತ್ತಿತ್ತು. ಆ ನಿಂತ ಹೊತ್ತಿನಲ್ಲಿ ಸುಗುಣಕ್ಕ ಎದ್ದು ಕುಳಿತು ಗಂಡನ ಎದೆ ಏಳುವುದನ್ನೇ ಕಾಯುತ್ತಿದ್ದರು. ಸ್ಟೇಶನ್ನಿನ ಸೇತುವೆ ಹತ್ತುವಾಗ ರಾಯರು ಅರ್ಧದಲ್ಲಿ ನಿಂತು ಕೆಳಗೆ ಹೋಗುವ ಲೋಕಲ್ಲುಗಳನ್ನು ಬಹಳ ಆಸಕ್ತಿಯಿಂದ ನೋಡುವುದೂ ಅವರ ಗಮನಕ್ಕೆ ಬಂದಿತ್ತು. ಹುಟ್ಟಿದಾಗಿನಿಂದ ನೋಡಿದ ರೈಲನ್ನು ಈ ಪ್ರಾಯದಲ್ಲಿ ಹೊಸದಾಗಿ ನೋಡುವವರು ಯಾರಿದ್ದಾರೆ? ಕೊನೆಗೆ ಒಂದು ದಿನ ಅದೇ ಲೋಕಲ್ಲಿಗೆ ಅವರನ್ನು ಹತ್ತಿಸಿ ಠಾಣೆಯ ಡಾಕ್ಟರ್ ಪ್ರಿಯಂವದಾ ಅವರ ಎದುರು ತಂದು ಕೂರಿಸಿದರು.

ಡಾಕ್ಟರು ಧಾರವಾಡದ ಕಡೆಯವರು, ತೂಕ ಇಳಿಸುವ ವೈದ್ಯದಲ್ಲೇ ಪಳಗಿದವರು. ರಕ್ತ ನೋಡಿದರು, ಸಕ್ಕರೆ ಹೆಚ್ಚಾಗಿದೆ ಎಂದರು, ಗೊರಕೆಗೂ ಒಂದು ಪರೀಕ್ಷೆ ಬರೆದರು. ಆಮೇಲೆ ದಾರಿಗಳನ್ನು ಬಿಡಿಸಿ ಹೇಳಿದರು. ಮೊದಲು ಊಟ ಮತ್ತು ನಡಿಗೆ. ಅದು ಸಾಲದಿದ್ದರೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ, ಹಸಿವು ತಗ್ಗಿಸುವ ಇಂಜೆಕ್ಷನ್ನು. ಅದಕ್ಕೂ ಬಗ್ಗದಿದ್ದರೆ ಜಠರವನ್ನೇ ಕತ್ತರಿಸಿ ಚಿಕ್ಕದು ಮಾಡುವ ಆಪರೇಶನ್ನು. ಚಿಕ್ಕದು ಎಂದರೆ ಎಷ್ಟು ಚಿಕ್ಕದು ಎಂದು ರಾಯರು ಕೇಳಿದರು. ಒಂದು ಬಾಳೆಹಣ್ಣಿನಷ್ಟು ಎಂದರು ಡಾಕ್ಟರು.

"ನೇಂದ್ರ ಬಾಳೆಯಾ, ಏಲಕ್ಕಿ ಬಾಳೆಯಾ?" ಎಂದು ರಾಯರು ಮತ್ತೆ ಕೇಳಿದರು.

ಆ ಗಳಿಗೆಯಿಂದ ಆಪರೇಶನ್ನಿನ ಭಯ ರಾಯರನ್ನು ಹಿಡಿದುಕೊಂಡಿತು. ಪಥ್ಯ ಮಾಡಿಯೇ ಇಳಿಸುತ್ತೇನೆ ಎಂದು ಪಣ ತೊಟ್ಟರು. ಸುಗುಣಕ್ಕನಂತೂ ಟೊಂಕ ಕಟ್ಟಿ ನಿಂತರು. ಮನೆಯಲ್ಲಿ ತೆಂಗಿನಕಾಯಿ ಒಡೆಯುವುದು ನಿಂತಿತು. ಎಣ್ಣೆಯನ್ನು ಚಮಚದಲ್ಲಿ ಅಳೆದರು. ಉಡುಪಿಯಲ್ಲಿ ಹುಟ್ಟಿದ ಹೆಂಗಸು ಕಾಯಿ ಹಾಕದೆ ಪಲ್ಯ ಮಾಡಿ, ಅದನ್ನೇ ತಾನೂ ಉಂಡು, ಚೆನ್ನಾಗಿದೆ ಎಂದು ಸುಳ್ಳು ಹೇಳುವುದೆಂದರೆ ಸಣ್ಣ ತ್ಯಾಗವಲ್ಲ. ರಾಯರೂ ಬಡಿಸಿದಷ್ಟನ್ನೇ ಉಂಡು, ಇನ್ನೊಂದು ಸೌಟು ಕೇಳದೆ ಕೈ ತೊಳೆಯುತ್ತಿದ್ದರು. ಬೆಳಿಗ್ಗೆ ಹೋಟೆಲಿಗೆ ನಡೆದೇ ಹೋಗುತ್ತಿದ್ದರು.

ಮುಂದಿನ ತಿಂಗಳು ಡಾಕ್ಟರ ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ಹಳೆಯ ಜಾಗಕ್ಕೇ ಹೋಗಿ, ಅಲ್ಲಿಂದ ಒಂದಿಷ್ಟು ಮೇಲಕ್ಕೂ ವಾಲಿತು. ಹೊರಗೆ ಏನಾದರೂ ತಿನ್ನುವುದುಂಟೇ ಎಂದು ಡಾಕ್ಟರು ಕೇಳಿದರು. ಕೃಷ್ಣನ ಆಣೆಗೂ ಇಲ್ಲ ಎಂದರು ರಾಯರು. ಹಾಗಿದ್ದರೆ ಮುಂದಿನ ಸಲ ಸರ್ಜನ್ನರನ್ನೂ ಒಂದು ಮಾತು ಕೇಳೋಣ ಎಂದರು ಡಾಕ್ಟರು. ರಾಯರ ಕಣ್ಣಮುಂದೆ ಏಲಕ್ಕಿ ಬಾಳೆಯ ಗೊನೆ ತೂಗಾಡಿತು.

ವಾಪಸು ಬರುವಾಗ ಲೋಕಲ್ಲು ಠಾಣೆ ಬಿಟ್ಟು ಕಳವಾ ದಾಟಿ ಮುಂಬ್ರಾಕ್ಕೆ ಬಂತು. ಆಗ ಸುಗುಣಕ್ಕ ಕಿಟಕಿಯ ಕಡೆಗೇ ನೋಡುತ್ತಾ ಹೇಳಿದರು: "ಕದ್ದು ತಿಂದ್ರೆ ತಿನ್ನಿ, ನಾನೆಂತ ಹೇಳುದಿಲ್ಲ. ಆದ್ರೆ ಕೃಷ್ಣನ ಹೆಸರು ತೆಗಿಬೇಡಿ. ನಿಮ್ಮ ಉಸಿರು ನಿಂತಾಗ ನಾನು ಅವನನ್ನೇ ಕರೆಯುದು."

ರಾಯರಿಗೆ ಕಣ್ಣು ತುಂಬಿ ಬಂತು. ನಿಜಕ್ಕೂ ಅವರು ಕದ್ದು ತಿಂದಿರಲಿಲ್ಲ. ಕಟ್ಟಿಕೊಂಡ ಹೆಂಡತಿಯೇ ತನ್ನನ್ನು ಸುಳ್ಳ ಎಂದುಕೊಂಡಳಲ್ಲ ಎಂಬ ಸಂಕಟ ಆಪರೇಶನ್ನಿನ ಭಯಕ್ಕಿಂತ ದೊಡ್ಡದಾಯಿತು. ನಾಳೆ ನೀನೇ ಹೋಟೆಲಿಗೆ ಬಂದು ಗಲ್ಲಾದ ಪಕ್ಕ ಕುಳಿತುಕೋ, ಕಣ್ಣಾರೆ ನೋಡು ಎಂದು ಸವಾಲು ಹಾಕಿದರು. ಮದುವೆಯಾಗಿ ಇಷ್ಟು ವರ್ಷವಾದರೂ ಸುಗುಣಕ್ಕ ಹೋಟೆಲಿಗೆ ಹೋಗುತ್ತಿದ್ದದ್ದು ದೀಪಾವಳಿಯ ಪೂಜೆಗೆ ಮಾತ್ರ. ಆದರೂ ಒಪ್ಪಿದರು.

ಮರುದಿನ ಬೆಳಿಗ್ಗೆ ರಾಯರು ಗಲ್ಲಾದ ದೇವರಿಗೆ ಊದುಬತ್ತಿ ಹಚ್ಚಿ ಕುಳಿತರು. ಅಡುಗೆಯ ವಿಷ್ಣುಮೂರ್ತಿ ಭಟ್ಟರು ಒಂದು ಬಟ್ಟಲು ಸಾಂಬಾರು ತಂದರು. ರಾಯರು ಕುಡಿದು ಕಣ್ಣು ಮುಚ್ಚಿ ತಲೆಯಾಡಿಸಿದರು. ಚಟ್ನಿ ಬಂತು. ಬರಿಯ ಚಟ್ನಿಯ ರುಚಿ ತಿಳಿಯುವುದು ಹೇಗೆ, ಅದಕ್ಕೊಂದು ಇಡ್ಲಿ ಬಂತು. ಕಾವಲಿಯ ಹದ ನೋಡಲು ಮೊದಲ ದೋಸೆ, ಎಣ್ಣೆಯ ಕಾವು ನೋಡಲು ಮೊದಲ ವಡೆ. ಸಿಹಿ ಸರಿಯಾಗಿದೆಯೋ ಎಂದು ಶಿರಾ, ಅದರ ತುಪ್ಪ ಬೆರಳಿಗೆ ಅಂಟಿತೆಂದು ಇನ್ನೊಂದು ಚೂರು ಶಿರಾ. ಡಿಕಾಕ್ಷನ್ನಿನ ಪರೀಕ್ಷೆಗೆ ಕಾಫಿ. ಇಷ್ಟೂ ಮುಗಿಯುವ ಹೊತ್ತಿಗೆ ಮೊದಲ ಗಿರಾಕಿ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನದ ಊಟದ ಅಡುಗೆಗೆ, ಸಂಜೆಯ ಬನ್ಸಿಗೆ ಇದೇ ಕ್ರಮ ಎಂದು ಭಟ್ಟರು ಹೆಮ್ಮೆಯಿಂದ ವಿವರಿಸಿದರು.

"ನೋಡಿದೆಯಲ್ಲ," ಎಂದು ರಾಯರು ಬಾಯಿ ಒರೆಸಿಕೊಂಡರು, "ಎಂತಾದ್ರೂ ತಿಂದೆನಾ?"

ಸುಗುಣಕ್ಕ ಗಂಡನ ಮುಖವನ್ನೇ ನೋಡಿದರು. ಅಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. ಎಲೆ ಹಾಕಿಲ್ಲ, ಮಣೆ ಇಟ್ಟಿಲ್ಲ, ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡಿಲ್ಲ, ಅಂದಮೇಲೆ ರಾಯರ ಲೆಕ್ಕದಲ್ಲಿ ಅದು ಊಟ ಹೇಗಾದೀತು? ರುಚಿ ನೋಡುವುದು ನಾಲಿಗೆಯ ಕೆಲಸ, ಹೊಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ಯಜಮಾನ ರುಚಿ ನೋಡದ ಹೋಟೆಲು ಬಾಗಿಲು ಹಾಕುತ್ತದೆ ಎಂದು ಅಪ್ಪ ಹೇಳಿಕೊಟ್ಟದ್ದನ್ನು ರಾಯರು ವ್ರತದಂತೆ ನಡೆಸಿಕೊಂಡು ಬಂದಿದ್ದರು. ಸುಗುಣಕ್ಕನಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಮೆಲ್ಲಗೆ ಕೇಳಿದರು.

"ನಾಳೆ ಏಕಾದಶಿ ಉಂಟಲ್ಲ. ನಾಳೆಯೂ ರುಚಿ ನೋಡ್ತೀರಾ?"

ರಾಯರಿಗೆ ಸಿಟ್ಟೇ ಬಂತು. "ನಿನಗೆಂತ ಮರುಳಾ? ಏಕಾದಶಿ ದಿವಸ ಯಾರಾದ್ರೂ ತಿಂತಾರಾ?"

ಮಾತು ಬಾಯಿಂದ ಬಿದ್ದಮೇಲೆ ರಾಯರಿಗೇ ಕೇಳಿಸಿತು. ಭಟ್ಟರು ಏನೋ ಸೀದ ವಾಸನೆ ಬಂದವರಂತೆ ಒಳಗೆ ಓಡಿದರು. ರಾಯರು ಖಾಲಿ ಬಟ್ಟಲನ್ನೂ ಶಿರಾದ ತಟ್ಟೆಯನ್ನೂ ನೋಡಿದರು, ಕೊನೆಗೆ ತಮ್ಮ ಹೊಟ್ಟೆಯನ್ನು ನೋಡಿಕೊಂಡರು. ಸುಗುಣಕ್ಕ ಗೆದ್ದೆನೆಂದು ನಗಲಿಲ್ಲ. ಗಂಡ ಸುಳ್ಳನಲ್ಲ, ಬರಿಯ ಪೆದ್ದ ಎಂದು ತಿಳಿದು ಅವರ ಎದೆಯ ಭಾರ ಇಳಿದಿತ್ತು.

ಮರುದಿನ ಏಕಾದಶಿಯಂದೇ ಠಾಣೆಗೆ ಹೋಗಿ, ಡಾಕ್ಟರ ಎದುರು ರಾಯರು ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡರು. ಡಾಕ್ಟರು ನಕ್ಕರು, ಆದರೆ ಗದರಲಿಲ್ಲ.

"ಇದಕ್ಕ ಯಾಕ ನಾಚಿಕೋತೀರಿ ರಾಯರ? ಬಿಪಿ ಹೆಂಗೋ ಬೊಜ್ಜೂ ಹಂಗ ಒಂದು ಬ್ಯಾನಿ. ಬ್ಯಾನಿಗೆ ಔಷಧ ಕೊಡೂದು, ಬೈಯೂದಲ್ಲ."

ರುಚಿ ನೋಡುವುದನ್ನು ಬಿಟ್ಟರೂ ಇಷ್ಟು ವರ್ಷದ ತೂಕವನ್ನು ದೇಹ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಸಕ್ಕರೆಯೂ ಇದೆ, ಆದ್ದರಿಂದ ವಾರದ ಇಂಜೆಕ್ಷನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡೋಣ ಎಂದರು. ಮೊದಮೊದಲು ವಾಕರಿಕೆ ಬರಬಹುದು, ಬಂದರೆ ತಿಳಿಸಿ ಎಂದರು. ಆಪರೇಶನ್ನಿನ ಮಾತು ಸದ್ಯಕ್ಕೆ ಬೇಡ ಎಂದದ್ದೇ ರಾಯರು ಎರಡೂ ಕೈ ಮುಗಿದರು.

ಆದರೆ ಹೋಟೆಲಿನ ಗತಿ? ಮರುದಿನ ದ್ವಾದಶಿಯ ಬೆಳಿಗ್ಗೆ ಭಟ್ಟರು ಅಭ್ಯಾಸಬಲದಿಂದ ಸಾಂಬಾರಿನ ಬಟ್ಟಲು ಹಿಡಿದು ಬಂದು ಗಲ್ಲಾದ ಎದುರು ನಿಂತರು. ರಾಯರಿಗೆ ನಿಜವಾಗಿ ನೋವಾಯಿತು. ಅಪ್ಪ ಕೊಟ್ಟ ಕೆಲಸ ಇವತ್ತಿಗೆ ಮುಗಿಯಿತು, ಇನ್ನು ತಾನು ಬರಿಯ ಚಿಲ್ಲರೆ ಎಣಿಸುವವನು ಎನಿಸಿತು. ಬಟ್ಟಲಿಗೆ ಕೈ ಚಾಚಿದವರು ಹಾಗೇ ಹಿಂದೆಗೆದು, ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ಕಡೆ ನೋಡಿದರು.

"ನೀನು ನೋಡ್ತೀಯಾ?"

ಸುಗುಣಕ್ಕ ಅಂಗೈ ಒಡ್ಡಿದರು. ಭಟ್ಟರು ಚಮಚದ ತುದಿಯಿಂದ ತುಸು ಬಿಟ್ಟರು. ಅದನ್ನು ನಾಲಿಗೆಗೆ ತಾಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದರು: "ಉಪ್ಪು, ಹುಳಿ ಸರಿ ಉಂಟು. ಬೆಲ್ಲ ಹೆಚ್ಚಾಯ್ತು."

ಎಂದಿನಷ್ಟೇ ಹಾಕಿದ್ದು, ಇವರ ಅಪ್ಪ ದೊಡ್ಡ ರಾಯರ ಕಾಲದಿಂದ ಇದೇ ಅಳತೆ ಎಂದು ಭಟ್ಟರು ತಡವರಿಸಿದರು.

"ಗೊತ್ತುಂಟು," ಎಂದರು ಸುಗುಣಕ್ಕ. "ಮದುವೆಯಾಗಿ ಬಂದ ಮೊದಲ ದೀಪಾವಳಿಗೇ ನನಗೆ ಹಾಗೆ ಅನಿಸಿತ್ತು. ಇವರು ಕೇಳ್ತಾರೆ, ಹೇಳುವ ಅಂತ ಇದ್ದೆ. ಇವತ್ತು ಕೇಳಿದ್ರು."

ರಾಯರು ಎದ್ದು, ತಮ್ಮ ಕುರ್ಚಿಯನ್ನು ಉಸಿರು ಬಿಡುತ್ತಾ ಪಕ್ಕಕ್ಕೆ ಎಳೆದು, ಹೆಂಡತಿಯ ಸ್ಟೂಲು ಗಲ್ಲಾದ ಹಿಂದೆ ಸರಿಯಾಗಿ ಹಿಡಿಯುವಷ್ಟು ಜಾಗ ಮಾಡಿದರು. ಬೆಲ್ಲ ಇನ್ನು ಮೇಲೆ ಇವಳು ಹೇಳಿದಷ್ಟೇ ಎಂದು ಭಟ್ಟರಿಗೆ ತಿಳಿಸಿದರು.