ಅಜ್ಜಿ ಗೇರಿನಲ್ಲಿ ಬಂದ ಹುಲ್ಲು

ರೈತರ ಸೊಸೈಟಿಯ ಕಾಫಿ ಮೇಜಿನಲ್ಲಿ ಡೆಲ್ಮರ್ ಉನ್ರೂ ಕೂರುತ್ತಿದ್ದದ್ದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಅಲ್ಲಿ ಕೂತರೆ ಹೊರಗೆ ಸಾಲಾಗಿ ನಿಂತ ಪಿಕಪ್ಪುಗಳು ಕಾಣುತ್ತಿದ್ದವು. ಅವುಗಳಲ್ಲಿ ತನ್ನದೇ ಎಲ್ಲಕ್ಕಿಂತ ಎತ್ತರ ಎಂಬುದೂ ಕಾಣುತ್ತಿತ್ತು. ಆ ಮೇಜಿನಲ್ಲಿ ರಾಜಕೀಯ ತೆಗೆದರೆ ಮನಸ್ಸು ಕೆಡುತ್ತಿತ್ತು, ದೇವರ ವಿಷಯ ಭಾನುವಾರಕ್ಕೆ ಮೀಸಲಾಗಿತ್ತು. ಮಿಕ್ಕಿದ್ದು ಮಳೆ ಮತ್ತು ಗಾಡಿ. ಮಳೆಯ ಬಗ್ಗೆ ಎಲ್ಲರದೂ ಒಂದೇ ಅಭಿಪ್ರಾಯವಾದ್ದರಿಂದ ಮಾತು ಕೊನೆಗೆ ಗಾಡಿಗೇ ಬಂದು ನಿಲ್ಲುತ್ತಿತ್ತು. ಯಾವ ಕಂಪನಿಯ ಎಂಜಿನ್ ಹೆಚ್ಚು ಬಾಳುತ್ತದೆ, ಯಾರ ಗಾಡಿ ದನ ತುಂಬಿದ ಟ್ರೈಲರ್ ಎಳೆಯುವಾಗ ದಿಬ್ಬದಲ್ಲಿ ಏದುಸಿರು ಬಿಡುತ್ತದೆ, ಯಾರದ್ದರ ಬಾಗಿಲು ಮೊದಲು ತುಕ್ಕು ಹಿಡಿಯುತ್ತದೆ. ಕನ್ಸಾಸ್‌ನ ಆ ಮೂಲೆಯಲ್ಲಿ ಅಪ್ಪ ಯಾವ ಕಂಪನಿಯ ಗಾಡಿ ಓಡಿಸಿದ್ದನೋ ಮಗನೂ ಅದನ್ನೇ ಓಡಿಸುತ್ತಿದ್ದ. ಚರ್ಚು ಬದಲಿಸಿದವರಿದ್ದರು, ಕಂಪನಿ ಬದಲಿಸಿದವರು ಕಡಿಮೆ.

"ನಂದು ಕೋರ್ಟು ಕಟ್ಟಡಾನೂ ಬುಡಸಮೇತ ಎಳೀತದೆ," ಎನ್ನುತ್ತಿದ್ದ ಡೆಲ್ಮರ್.

"ಎಳೆದು ಎಲ್ಲಿ ಇಡ್ತೀಯ? ನಿನ್ನ ಹೊಲದಲ್ಲಿಟ್ರೆ ಜಡ್ಜು ದಿನಾ ಸಗಣಿ ತುಳೀಬೇಕು," ಎನ್ನುತ್ತಿದ್ದ ಪಕ್ಕದ ಹೊಲದ ಆರ್ವಲ್.

ಡೆಲ್ಮರನ ಮನೆಯಲ್ಲಿ ಇನ್ನೊಂದು ಗಾಡಿಯೂ ಇತ್ತು. ಅವನ ಹೆಂಡತಿ ಆರ್ಡಿತಳ ಅಪ್ಪ ಮೆನ್ನೊ ಬಿಟ್ಟುಹೋದ ಹಸಿರು ಪಿಕಪ್, ಬೇರೆ ಕಂಪನಿಯದು. ಹಿಂದೆ ಜೋಡಿ ಚಕ್ರ, ಒಳಗೆ ಮೊಣಕಾಲೆತ್ತರದ ಗೇರು ಕಡ್ಡಿ. ದನಗಳಿಗೆ ಉಪ್ಪಿನ ಗಡ್ಡೆ ಹಾಕಿ ಬರುವುದಕ್ಕೆ, ಬೇಲಿ ಕಂಬ ಸಾಗಿಸುವುದಕ್ಕೆ ಅದು. ಮಾರಿಬಿಡೋಣ ಎಂದಾಗಲೆಲ್ಲ ಆರ್ಡಿತ್, "ಮೊದಲು ನಿನ್ನ ಮಾರಿ ನೋಡ್ತೀನಿ, ಎಷ್ಟಕ್ಕೆ ಹೋಗ್ತೀಯೋ," ಎಂದು ಒಳಗೆ ನಡೆಯುತ್ತಿದ್ದಳು. ಅದರ ಹಿಂದಿನ ತೊಟ್ಟಿಯ ನಡುವೆ ಟ್ರೈಲರಿನ ಕತ್ತು ಕೂರುವ ಉಕ್ಕಿನ ಗುಂಡೊಂದಿತ್ತು. ಒಳ್ಳೆಯ ಗುಂಡೆಂದು ಡೆಲ್ಮರ್ ಅದನ್ನು ಕಳಚಿ ತನ್ನ ಗಾಡಿಗೆ ಹಾಕಿಕೊಂಡಿದ್ದ. ಹಸಿರು ಗಾಡಿಯ ತೊಟ್ಟಿಯಲ್ಲಿ ಅಂದಿನಿಂದ ಬರೀ ತೂತು ಉಳಿದಿತ್ತು.

ಮಾರ್ಚ್ ತಿಂಗಳ ಗಾಳಿಯಲ್ಲಿ ಬೆಂಕಿ ಬಂತು. ಒಣಗಿ ನಿಂತ ಹುಲ್ಲುಗಾವಲಿನ ಮೇಲೆ ಅದು ಕುದುರೆಗಿಂತ ಜೋರಾಗಿ ಓಡಿ ಬಂತು. ಬೇಲಿ ಕತ್ತರಿಸಿ ದನಗಳನ್ನು ಆರ್ವಲ್‌ನ ಹಸಿರು ಗೋಧಿ ಹೊಲಕ್ಕೆ ಅಟ್ಟಬೇಕೆಂದು ಡೆಲ್ಮರ್ ತನ್ನ ಪಿಕಪ್ಪಿನಲ್ಲಿ ಹೋದ. ಬೇಲಿಯೇನೋ ಕತ್ತರಿಸಿದ. ಆದರೆ ಹೊಗೆಯ ನಡುವೆ ಉಸಿರಾಡಲು ಗಾಳಿಯಿಲ್ಲದೆ ಎಂಜಿನ್ ನಿಂತುಹೋಯಿತು. ಅವನು ಅದನ್ನು ಬಿಟ್ಟು ದನಗಳ ಹಿಂದೆ ಓಡಿದ. ಹಸಿ ಗೋಧಿಗೆ ಬೆಂಕಿ ಹತ್ತಲಿಲ್ಲ. ಪೈರಿನ ನಡುವೆ ದನಗಳ ಕಾಲ ಬಳಿ ಮುಖ ಅಡಿಮಾಡಿ ಮಲಗಿ ಅವನು ಬದುಕಿಕೊಂಡ, ದನಗಳೂ ಬದುಕಿಕೊಂಡವು. ಗಾಳಿ ಹೊರಳಿದ್ದರಿಂದ ಮನೆಯೂ ಉಳಿಯಿತು. ಆದರೆ ಹುಲ್ಲುಗಾವಲು, ಬೇಲಿ, ಕೂಡಿಟ್ಟ ಹುಲ್ಲು, ಕೋರ್ಟು ಕಟ್ಟಡ ಎಳೆಯುವ ಪಿಕಪ್ ಎಲ್ಲ ಬೂದಿಯಾದವು.

ಆ ದಿನದಿಂದ ದನಗಳು ಆರ್ವಲ್‌ನ ಗೋಧಿಯನ್ನೇ ಮೇಯುತ್ತಿದ್ದವು. ಆರ್ವಲ್ ಒಂದು ಮಾತೂ ಆಡಿರಲಿಲ್ಲ. ಡೆಲ್ಮರನೂ ಆಡಿರಲಿಲ್ಲ. ಈಗ ಗೋಧಿ ನೆಲಮಟ್ಟಕ್ಕೆ ಬಂದಿತ್ತು. ಇನ್ನು ಮೇಯಿಸಿದರೆ ಆರ್ವಲ್‌ಗೆ ಕೊಯ್ಲೇ ಇರುವುದಿಲ್ಲ.

ಮಿಷಿಗನ್ನಿನಿಂದ ರೈತರು ಹುಲ್ಲು ಹೊತ್ತು ಬರುತ್ತಿದ್ದಾರೆ, ಮೊದಲ ದಿನಕ್ಕೆ ಮನೆಗೊಂದು ಗಾಡಿ ಹಂಚಿದ್ದೇವೆ ಎಂದು ಸೊಸೈಟಿಯವರು ಹೇಳಿಕಳಿಸಿದರು. ಬೇರೆಯವರ ಹುಲ್ಲಿಗೆ ಕೈಯೊಡ್ಡುವುದು ಡೆಲ್ಮರನಿಗೆ ರೂಢಿಯಿರಲಿಲ್ಲ. ಬರುವವರೆಗೂ ನಂಬಿಕೆಯೂ ಇರಲಿಲ್ಲ. ಅವನು ದನಗಳ ಹರಾಜು ಅಂಗಳಕ್ಕೆ ಫೋನು ಮಾಡಿ ನಾಳೆ ಬೆಳಿಗ್ಗೆಗೆ ಲಾರಿಗಳನ್ನು ಗೊತ್ತುಮಾಡಿದ್ದ. ಹುಲ್ಲು ಬಂದರೆ ಸಂಜೆಯೊಳಗೆ ಲಾರಿ ಬೇಡವೆನ್ನುವುದು, ಬರದಿದ್ದರೆ ಅಜ್ಜನ ಕಾಲದಿಂದ ಸಾಕಿ ತಳಿ ತಿದ್ದಿದ ಮಂದೆಯನ್ನು ಹತ್ತಿಸಿ ಕಳಿಸುವುದು. ಆ ಮಂದೆ ಹೋದರೆ ಮತ್ತೆ ಅಂಥದನ್ನು ಕಟ್ಟುವ ವಯಸ್ಸು ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. ಆರ್ಡಿತ್‌ಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತದೆ ಬೆಳಗಿನಿಂದ ರಸ್ತೆ ನೋಡುತ್ತಿದ್ದರು.

ಮಧ್ಯಾಹ್ನ ಕಳೆದ ಮೇಲೆ ರಸ್ತೆಯಲ್ಲಿ ಕಂಡದ್ದು ಗಾಡಿಯಲ್ಲ, ನಡೆದು ಬರುತ್ತಿದ್ದ ಒಬ್ಬ ಮುದುಕ. ಉದ್ದ ಕಾಲು, ಕೆಂಪು ಕಿವಿ, ತಲೆಗೆ ಬೀಜದ ಕಂಪನಿಯ ಟೋಪಿ.

"ಉನ್ರೂ ಅವರ ಮನೆ ಇದೇನಾ? ನಾನು ಗೆರಿಟ್ ಹುಕ್ಸೆಮಾ. ನಿಮ್ಮ ಹುಲ್ಲು ತಂದಿದೀನಿ," ಎಂದು ಅವನು ಟೋಪಿ ತೆಗೆದ. ಸ್ವಲ್ಪ ತಡೆದು, "ಪೂರ್ತಿ ತಂದಿಲ್ಲ," ಎಂದ.

"ಎಲ್ಲಿದೆ?" ಆರ್ಡಿತ್ ಕೇಳಿದಳು.

"ಕೆಳಗೆ, ಹಳ್ಳದ ಸೇತುವೆ ಹತ್ರ. ಗೇರ್ ಬಾಕ್ಸು ಕೈ ಕೊಡ್ತು. ಊರಿಂದ ಇಲ್ಲೀತನಕ ಕೆಮ್ಮಲಿಲ್ಲ ಅದು. ಇನ್ನೊಂದೇ ಒಂದು ದಿಬ್ಬ ಇತ್ತು ನೋಡಿ."

ಜತೆಯವರೆಲ್ಲ ಪೇಟೆಯಲ್ಲೇ ಕವಲೊಡೆದು ಬೇರೆ ಬೇರೆ ಮನೆಗಳಿಗೆ ಹೋಗಿದ್ದರು. ಹಳ್ಳದಲ್ಲಿ ಫೋನು ಹಿಡಿಯುವುದಿಲ್ಲ, ಮನೆಯ ತಂತಿಗಳು ಕಂಬದ ಸಮೇತ ಸುಟ್ಟಿದ್ದವು. ಫೋನು ಹಿಡಿಯುವುದು ದಿಬ್ಬದ ನೆತ್ತಿಯಲ್ಲಿ, ಅಂಚೆ ಡಬ್ಬಿಯ ಹತ್ತಿರ ಮಾತ್ರ. ಆರ್ವಲ್ ಆಗಲೇ ಹುಲ್ಲಿಗಾಗಿ ಬೇರೆ ಜಿಲ್ಲೆಗೆ ಹೋಗಿದ್ದ. ಡೆಲ್ಮರ್ ಅಂಗಳದ ಸುತ್ತ ಒಮ್ಮೆ ನೋಡಿದ. ನೋಡಲು ಇದ್ದದ್ದು ಹಸಿರು ಗಾಡಿ ಒಂದೇ.

"ಅದು ಎಳೆಯಲ್ಲ," ಎಂದ.

"ಯಾವತ್ತಾದ್ರೂ ಕೇಳಿದೀಯ ಅದನ್ನ?" ಎಂದಳು ಆರ್ಡಿತ್.

ಗೆರಿಟ್ ಗಾಡಿಯ ಸುತ್ತ ಒಂದು ಸುತ್ತು ಬಂದು ಚಕ್ರಕ್ಕೆ ಬೂಟಿನಿಂದ ಒದ್ದ. "ನಿಮ್ಮ ಮನೇಲಿ ಹೀಗಂತೀನಿ ಅಂತ ಬೇಜಾರಾಗಬೇಡಿ. ನಮ್ಮ ಕಡೆ ಈ ಕಂಪನಿ ಗಾಡೀಲಿ ಕೋಳಿ ಸಾಕ್ತಾರೆ."

"ನೀವು ಓಡಿಸೋದು ಯಾವುದು?" ಡೆಲ್ಮರ್ ಕೇಳಿದ. ಗೆರಿಟ್ ಹೇಳಿದ. ಡೆಲ್ಮರ್ ಮೊದಲ ಸಲ, ಬೆಂಕಿಯ ನಂತರ ಮೊದಲ ಸಲ, ತುಟಿಯಂಚಿನಲ್ಲಿ ನಕ್ಕ. "ನಮ್ಮ ಕಡೆ ಅದರಲ್ಲಿ ಕೋಳೀನೂ ಕೂರಲ್ಲ."

ಎಳೆಯುವುದೆಂದರೆ ಗುಂಡು ಬೇಕಲ್ಲ. ಸುಟ್ಟ ಪಿಕಪ್ಪಿನಲ್ಲಿ ಅದು ಇನ್ನೂ ಇದೆ ಎಂದು ಡೆಲ್ಮರ್ ಹೇಳಿದ. ಗೆರಿಟ್ ಬೇಡವೆಂದು ತಲೆಯಾಡಿಸಿದ. "ಬೆಂಕೀಲಿ ಬೆಂದ ಉಕ್ಕನ್ನ ನಂಬಬಾರದು. ನಂದು ಕಳಚಿ ಹಾಕೋಣ."

ಸೇತುವೆಯ ಹತ್ತಿರ ಬಿಳಿಯ ಪಿಕಪ್ ತಲೆ ತಗ್ಗಿಸಿ ನಿಂತಿತ್ತು. ಅದರ ಹಿಂದೆ ಉದ್ದ ಟ್ರೈಲರಿನ ಮೇಲೆ ಹುಲ್ಲಿನ ದೊಡ್ಡ ದೊಡ್ಡ ಸುರುಳಿಗಳು. ಸುತ್ತಲಿನ ನೆಲವೆಲ್ಲ ಕಪ್ಪಾಗಿದ್ದರಿಂದ ಆ ಹುಲ್ಲಿನ ಬಣ್ಣ ಕಣ್ಣಿಗೆ ಬಡಿಯುತ್ತಿತ್ತು. ಡೆಲ್ಮರ್ ಒಂದು ಎಸಳು ಕಿತ್ತು ಬಾಯಿಗಿಟ್ಟು ಅಗಿದ. ಚೆನ್ನಾಗಿ ಒಣಗಿಸಿದ ಕುದುರೆಮೆಂತೆ. ಮಾರುವುದಕ್ಕಿಟ್ಟುಕೊಳ್ಳುವ ಹುಲ್ಲು, ಸುಮ್ಮನೆ ಕೊಡುವ ಹುಲ್ಲಲ್ಲ. ಅವನು ಏನೋ ಹೇಳಬೇಕೆಂದು ಬಾಯಿ ತೆರೆದು, "ಯಾವಾಗ ಕೊಯ್ದಿದ್ದು?" ಎಂದಷ್ಟೇ ಕೇಳಿದ.

"ಎರಡನೇ ಕೊಯ್ಲು. ಮಳೆ ತಾಗಿಲ್ಲ," ಎಂದ ಗೆರಿಟ್.

ಟ್ರೈಲರಿನ ಕಾಲನ್ನು ತಿರುಗಿಸಿ ಊರಿಸಿ, ಕತ್ತನ್ನು ಗುಂಡಿನಿಂದ ಮೇಲೆತ್ತಿದರು. ಸರಪಳಿ ಹಾಕಿ ಬಿಳಿಯ ಗಾಡಿಯನ್ನು ಹಸಿರು ಗಾಡಿ ಪಕ್ಕಕ್ಕೆಳೆಯಿತು. ಗೆರಿಟ್ ನೋಡದವನಂತೆ ಬೇರೆ ಕಡೆ ತಿರುಗಿ ನಿಂತ. "ಇದು ನಮ್ಮೂರಿನವರಿಗೆ ಗೊತ್ತಾಗಬಾರದು," ಎಂದ. ಆಮೇಲೆ ಬಿಳಿಯದರ ಗುಂಡು ಕಳಚಿ, ಗ್ರೀಸು ಹಚ್ಚಿ, ಮೆನ್ನೋನ ಗಾಡಿಯ ತೂತಿಗೆ ಇಳಿಸಿದ. ಟಕ್ಕೆಂದು ಕೂತಿತು. ಅಡಿಯಿಂದ ಪಿನ್ನು ಹಾಕಿದ ಡೆಲ್ಮರ್ ಎರಡು ಸಲ ಅಲ್ಲಾಡಿಸಿ ನೋಡಿದ.

ಸ್ಟಿಯರಿಂಗಿನ ಮುಂದೆ ಕೂರಲು ಡೆಲ್ಮರ್ ಹೋದಾಗ ಆರ್ಡಿತ್ ಆಗಲೇ ಅಲ್ಲಿ ಕೂತಿದ್ದಳು. "ನಡ್ಕೊಂಡು ಬಾ. ಇದರ ಕ್ಲಚ್ಚು ನಂಗೊತ್ತು. ನೀನು ತುಳಿದ್ರೆ ಹಾರ್ತದೆ."

ಈ ಗಾಡಿಗೆ ಟ್ರೈಲರಿನ ಬ್ರೇಕು ಒತ್ತುವ ಸಲಕರಣೆ ಇರಲಿಲ್ಲ. ಏರಿನ ನಡುವೆ ಎಂಜಿನ್ ಸೋತರೆ ಹುಲ್ಲು, ಗಾಡಿ, ಆರ್ಡಿತ್ ಎಲ್ಲ ಹಿಂದಕ್ಕೆ ಹಳ್ಳಕ್ಕೆ. ಸುಟ್ಟು ಬಿದ್ದಿದ್ದ ಬೇಲಿ ಕಂಬಗಳಿಂದ ಎರಡು ತುಂಡುಗಳನ್ನು ಆರಿಸಿ, ಟ್ರೈಲರಿನ ಆ ಕಡೆ ಗೆರಿಟ್, ಈ ಕಡೆ ಡೆಲ್ಮರ್, ಚಕ್ರಕ್ಕೆ ಅಡೆ ಕೊಡಲು ತಯಾರಾಗಿ ನಿಂತರು.

ಎಲ್ಲಕ್ಕಿಂತ ಕೆಳಗಿನ ಗೇರಿಗೆ ಅಲ್ಲಿಯವರು ಅಜ್ಜಿ ಗೇರು ಎನ್ನುತ್ತಾರೆ. ಅದರಲ್ಲಿ ಹೋಗುವಾಗ ಅಜ್ಜಿಯರೂ ಜತೆಗೆ ನಡೆಯಬಹುದು. ಆರ್ಡಿತ್ ಅದಕ್ಕೆ ಹಾಕಿದಳು. ಹಸಿರು ಗಾಡಿ ಒಮ್ಮೆ ನಡುಗಿ, ಹಿಂದಿನ ಭಾರ ಎಷ್ಟೆಂದು ತೂಗಿ ನೋಡಿಕೊಂಡಂತೆ ತಡೆದು, ಕದಲಿತು. ಜಲ್ಲಿ ಕರಕರ ಎಂದಿತು. ಇಬ್ಬರು ಗಂಡಸರೂ ಕೈಯಲ್ಲಿ ಇದ್ದಿಲಾದ ಮರ ಹಿಡಿದು ಟ್ರೈಲರಿನ ಎರಡು ಕಡೆ ಹೆಜ್ಜೆ ಹಾಕಿದರು.

"ನಿಮ್ಮ ಸುಟ್ಟುಹೋದ ಗಾಡಿ ಹೇಗಿತ್ತು?" ಗೆರಿಟ್ ಹುಲ್ಲಿನ ಆಚೆಯಿಂದ ಕೂಗಿದ.

"ಚೆನ್ನಾಗಿ ಎಳೀತಿತ್ತು," ಡೆಲ್ಮರ್ ಕೂಗಿದ. ಸ್ವಲ್ಪ ನಡೆದ ಮೇಲೆ, "ಹೊಗಳೋದೂ ಜಾಸ್ತಿ ಆಗಿತ್ತು," ಎಂದ.

"ನಂದೂ ಹಾಗೇನೇ. ಅದಕ್ಕೇ ನಿಂತಿದ್ದು."

ಅರ್ಧ ಏರಿನಲ್ಲಿ ಎಂಜಿನ್ನಿನ ದನಿ ಬದಲಾಯಿತು. ಮುಂದಿನಿಂದ ಹಬೆಯ ವಾಸನೆ ಬಂತು. "ಬಿಸಿ ಆಯ್ತು, ನಿಲ್ಲಿಸ್ತೀನಿ. ಅಡೆ ಕೊಡಿ," ಎಂದು ಆರ್ಡಿತ್ ಕಿಟಕಿಯಿಂದ ಹೇಳಿದಳು. ಡೆಲ್ಮರ್ ಮರದ ತುಂಡನ್ನು ಚಕ್ರದ ಹಿಂದಕ್ಕೆ ದೂಡಿದ. ಟ್ರೈಲರ್ ಒಂದು ಗೇಣು ಹಿಂದೆ ಸರಿದು ಸುಟ್ಟ ಕಂಬದ ಮೇಲೆ ಕೂತಿತು. ಕಂಬ ಕಿರ್ರೆಂದಿತು. ಅದರ ಹೊರಮೈ ಪುಡಿಯಾಗಿ ಉದುರುವುದನ್ನು ಡೆಲ್ಮರ್ ಉಸಿರು ಬಿಗಿಹಿಡಿದು ನೋಡಿದ. ಒಳಗಿನ ತಿರುಳು ಗಟ್ಟಿಯಿತ್ತು. ನಿಂತಿತು.

ಬಿಸಿ ಇಳಿಯುವವರೆಗೆ ಮೂವರೂ ರಸ್ತೆಯ ಪಕ್ಕದಲ್ಲಿ ಕೂತರು. ಆರ್ಡಿತ್ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಬೀರಕ್‌ಗಳನ್ನು ಬಿಚ್ಚಿದಳು, ಮಾಂಸ ಎಲೆಕೋಸು ತುಂಬಿ ಬೇಯಿಸಿದ ಬನ್ನುಗಳು. ಗೆರಿಟ್ ಕಪ್ಪು ಕೈಯಲ್ಲೇ ತಿಂದ. ಬನ್ನಿನ ಮೇಲೆ ಅವನ ಬೆರಳ ಗುರುತು ಮೂಡಿತು.

"ನಮ್ಮ ಪರಿಚಯ ಇಲ್ಲ, ಏನಿಲ್ಲ. ಇಷ್ಟು ದೂರ ಯಾಕೆ ಬಂದ್ರಿ?" ಡೆಲ್ಮರ್ ಕೇಳಿದ.

ಗೆರಿಟ್ ಅಗಿದು ನುಂಗಿದ. "ನಮ್ಮಾಕೆ ಹೇಳಿದ್ಲು, ಮನೇಲಿ ಕೂತು ಗಾಡಿ ಹೊಗಳೋ ಬದಲು ಏನಾದ್ರೂ ಕೆಲಸಕ್ಕೆ ಬರೋದನ್ನ ಎಳೀರಿ ಅಂತ. ಅವಳ ಮಾತು ಮೀರೋಕಾಗತ್ತಾ?" ಆಮೇಲೆ ಕಪ್ಪು ಬಯಲನ್ನು ನೋಡುತ್ತ ದನಿ ತಗ್ಗಿಸಿದ. "ಹುಲ್ಲು ಮನೇಲಿತ್ತು. ದನ ಇಲ್ಲಿ ಹಸಿದಿದ್ವು. ನಾಳೆ ನಮ್ಮೂರಿನ ಇನ್ನೂ ಎರಡು ಗಾಡಿ ನಿಮ್ಮನೆಗೇ ಬರ್ತವೆ. ಮೊದಲು ನನ್ನ ನೋಡಿ ನಗ್ತಾರೆ, ಆಮೇಲೆ ಹುಲ್ಲು ಇಳಿಸ್ತಾರೆ."

ಡೆಲ್ಮರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇನ್ನೆರಡು ಗಾಡಿಯೆಂದರೆ ಮೇ ತಿಂಗಳ ಹೊಸ ಹುಲ್ಲಿನವರೆಗೆ ತಳ್ಳಬಹುದು. ಈ ದಿಬ್ಬ ಹತ್ತಿದರೆ.

ಎರಡನೆಯ ಸಲ ಗಾಡಿ ಹೊರಟಾಗ ಹೊತ್ತು ಇಳಿದಿತ್ತು. ಡೆಲ್ಮರನಿಗೆ ಗಾಡಿಯ ಹಿಂಭಾಗ ಮಾತ್ರ ಕಾಣುತ್ತಿತ್ತು: ತುಕ್ಕು ಹಿಡಿದ ಹಸಿರು ತಗಡು, ಅದರಾಚೆ ಕಿಟಕಿಯಲ್ಲಿ ಆರ್ಡಿತಳ ನರೆತ ಜಡೆ. ಅವಳು ಮುಂದಕ್ಕೆ ಬಾಗಿ ಗಾಡಿಯೊಂದಿಗೆ ಏನೋ ಮಾತಾಡುತ್ತಿದ್ದಳು. ಮೊಂಡ ಹಸುವನ್ನು ಕೊಟ್ಟಿಗೆಗೆ ಕರೆಯುವ ದನಿ ಅದು. ಗಾಡಿ ಅವಸರ ಮಾಡಲಿಲ್ಲ, ನಿಲ್ಲಲೂ ಇಲ್ಲ. ಅಂಚೆ ಡಬ್ಬಿ ಮೊದಲು ತುದಿಯಷ್ಟು ಕಂಡಿತು, ಆಮೇಲೆ ಪೂರ್ತಿ ಕಂಡಿತು. ನೆಲ ಸಮನಾಯಿತು. ಡೆಲ್ಮರನ ಕೈಯಿಂದ ಮರದ ತುಂಡು ತಾನಾಗಿ ಜಾರಿತು.

ಅಲ್ಲೇ ನಿಂತು ಅವನು ಹರಾಜು ಅಂಗಳಕ್ಕೆ ಫೋನು ಹಚ್ಚಿದ. "ಲಾರಿ ಕಳಿಸಬೇಡಿ," ಎಂದ. ಆ ಕಡೆಯವನು ಯಾಕೆ ಎಂದು ಕೇಳಿರಬೇಕು. "ಹುಲ್ಲು ಬಂತು," ಎಂದ. ಅಷ್ಟು ಹೇಳುವಷ್ಟರಲ್ಲಿ ದನಿ ಒಡೆಯಿತು. ಗೆರಿಟ್ ಟೋಪಿ ಸರಿಮಾಡಿಕೊಳ್ಳುತ್ತ ಅಂಚೆ ಡಬ್ಬಿಯ ಮೇಲಿನ ಹೆಸರನ್ನು ಬಹಳ ಹೊತ್ತು ಓದಿದ.

ದನಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ವಾಸನೆ ಹಿಡಿದು ಗೋಧಿ ಹೊಲದಿಂದ ಒಂದರ ಹಿಂದೊಂದು ಬಂದು, ಮೊದಲ ಸುರುಳಿ ಬಿಚ್ಚುವ ಮೊದಲೇ ಮೂತಿಯಿಟ್ಟವು. ಆಮೇಲೆ ಕೇಳಿಸಿದ್ದು ಅವು ಅಗಿಯುವ ಸದ್ದು ಮಾತ್ರ.

"ನಿನ್ನ ಹಸಿರು ಗಾಡಿ ಪರವಾಗಿಲ್ಲ ಕಣಯ್ಯ," ಎಂದ ಗೆರಿಟ್.

"ನಿನ್ನ ಗುಂಡೂ ಪರವಾಗಿಲ್ಲ," ಎಂದ ಡೆಲ್ಮರ್. ಇಬ್ಬರೂ ನೀವು ಎನ್ನುವುದನ್ನು ದಿಬ್ಬದಲ್ಲೇ ಬಿಟ್ಟು ಬಂದಿದ್ದರು.

ಮಾರನೆಯ ದಿನ ಜತೆಯವರು ಬಂದರು, ಗೆರಿಟ್ ಹೇಳಿದಂತೆ ನಕ್ಕರು, ಹುಲ್ಲು ಇಳಿಸಿದರು, ಬಿಳಿಯ ಗಾಡಿಯನ್ನು ಎಳೆದುಕೊಂಡು ಹೋದರು. ಗುಂಡು ಕಳಚಲು ಡೆಲ್ಮರ್ ಬಗ್ಗಿದಾಗ ಗೆರಿಟ್ ಬೂಟಿನಿಂದ ಅವನ ಕೈ ತಡೆದ. "ಅಲ್ಲೇ ಇರಲಿ. ಅಲ್ಲಿ ಕೆಲಸ ಮಾಡ್ತದೆ."

ವಸಂತದ ಮೊದಲ ಮಳೆಯಾದ ಮೇಲೆ ಡೆಲ್ಮರ್ ಸೊಸೈಟಿಗೆ ಹೋದ. ಕಿಟಕಿಯ ಪಕ್ಕದ ಕುರ್ಚಿ ಖಾಲಿ ಬಿಟ್ಟಿದ್ದರು. ಹೊರಗಿನ ಸಾಲಿನಲ್ಲಿ ಎಲ್ಲಕ್ಕಿಂತ ತಗ್ಗಾಗಿ ನಿಂತದ್ದು ಹಸಿರು ಗಾಡಿ.

"ಏನಯ್ಯ, ಈಗ ಹೇಳು ನೋಡೋಣ," ಎಂದ ಆರ್ವಲ್. "ಎಳೆಯೋಕೆ ಯಾವ ಗಾಡಿ ಒಳ್ಳೇದು?"

ಡೆಲ್ಮರ್ ಲೋಟ ಕೆಳಗಿಟ್ಟು ಯೋಚಿಸಿದ.

"ಗಾಡಿ ಮೆನ್ನೋಂದು," ಎಂದ. "ಗುಂಡು ಮಿಷಿಗನ್ನವನದು. ಓಡಿಸಿದ್ದು ಆರ್ಡಿತ್." ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ಆರ್ವಲ್‌ನನ್ನು ನೋಡಿದ. "ಅಲ್ಲೀತನಕ ದನಗಳು ನಿಂತಿದ್ದು ನಿನ್ನ ಗೋಧೀಲಿ."

ಆರ್ವಲ್ ಎದ್ದು ಹೋಗಿ ಕಾಫಿಯ ಕೆಟಲು ತಂದು ಡೆಲ್ಮರನ ಲೋಟಕ್ಕೆ ಅಂಚಿನವರೆಗೂ ಬಗ್ಗಿಸಿದ.