ಹೊರಳದ ಗಾಳಿ

ಮೋಡಗಳೂ ಮುಟ್ಟಲಾರದ ಎತ್ತರದಲ್ಲಿ, ಚಳಿಗಾಲದುದ್ದಕ್ಕೂ ಧ್ರುವವನ್ನು ಸುತ್ತುವ ಪಡುವಣ ಗಾಳಿ ವಸಂತದಲ್ಲಿ ಸೋತು ಮೂಡಣ ಗಾಳಿಯಾಗಿ ಹೊರಳುತ್ತದೆ. ಒಂದು ವರ್ಷ ಬೇಗ, ಇನ್ನೊಂದು ವರ್ಷ ತಡ. ಈ ಏರುಪೇರಿಗೆ ಕಾರಣವೇನೆಂಬುದೇ ತಂಗಿಯ ಸಂಶೋಧನೆ. ಎಲ್ಲಕ್ಕಿಂತ ತಡವಾದ ವರ್ಷ ಇದೇ. ಈ ವರ್ಷ ಗಾಳಿ ಹೊರಳಿದ ದಿನ ದಾಖಲಾಗದಿದ್ದರೆ ಅವಳ ವಾದಕ್ಕೆ ನಿಲ್ಲಲು ಕಾಲೇ ಇಲ್ಲ. ಅಷ್ಟು ಎತ್ತರವನ್ನು ನೋಡಬಲ್ಲ ಉಪಗ್ರಹ ಇದ್ದದ್ದು ಒಂದೇ. ಅದಕ್ಕೆ ಆಯುಷ್ಯ ಮುಗಿದಿತ್ತು. ಅದನ್ನು ನಡುಗಡಲಿಗೆ ಇಳಿಸುವ ಆದೇಶವನ್ನು ಇಂದು ಸಂಜೆ ಕಳಿಸಬೇಕಾದವನು ಅವಳ ಅಣ್ಣ.

ನಿಯಂತ್ರಣ ಕೊಠಡಿಯಲ್ಲಿ ಅವಳು ಅವನ ಕುರ್ಚಿಗೆ ಅಂಟಿಕೊಂಡೇ ನಿಂತಿದ್ದಳು.

"ಅಣ್ಣಾ, ಇನ್ನೊಂದೇ ದಿನ ಕೊಡೋ."

"ಬೆಳಿಗ್ಗೆಯಿಂದ ಇದೇ ಜಪ! ಗಾಳಿ ಗುದ್ದಿ ಮೈ ನೋಯಿಸಿಕೊಳ್ಳೋರು ಗಾದೇಲಿ ಮಾತ್ರ ಇರ್ತಾರೆ ಅಂದ್ಕೊಂಡಿದ್ದೆ. ನಮ್ಮನೇಲೇ ಹುಟ್ಟಿದ್ದಾಳೆ ನೋಡು."

"ನಗಬೇಡ. ಮೊನ್ನೆ ಸೆಕೆಂಡಿಗೆ ಒಂಬತ್ತು ಮೀಟರ್ ಇತ್ತು. ಈಗ ಎರಡು. ನಾಳೆ ಹೊರಳೇ ಹೊರಳತ್ತೆ."

"ಹೋದ ವಾರವೂ ನಾಳೆ ಅಂದಿದ್ದೆ."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. ಅಣ್ಣ ಅವಳ ಮುಖವನ್ನೊಮ್ಮೆ ನೋಡಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ.

"ಅಳಬೇಡ ಪುಟ್ಟಿ. ಆಂಟೆನಾ ಕೈಕೊಡ್ತು, ಆದೇಶ ಹೋಗಲಿಲ್ಲ ಅಂತೀನಿ. ಒಂದು ದಿನ ತಾನೇ?"

ಅವಳು ಕೇಳಿದ್ದು ಸಿಕ್ಕಿತ್ತು. ಆದರೆ ಕಣ್ಣು, ಬೇಡವೆಂದರೂ, ಪರದೆಯ ಮೂಲೆಯಲ್ಲಿದ್ದ ಇಂಧನದ ಅಂಕಿಗೆ ಹೋಯಿತು. ಉಪಗ್ರಹ ಧ್ರುವದ ಕಡೆ ಮುಖ ಮಾಡಿ ನಿಲ್ಲಲೂ ಇಂಧನ ಬೇಕು. ಕಡಲಿಗೆ ಇಳಿಯಲೂ ಅದೇ ಬೇಕು. ಹಳೆಯ ಟ್ಯಾಂಕಿನ ಲೆಕ್ಕವೋ ಬರೀ ಅಂದಾಜು.

"ಇಳಿಸೋಕೆ ಉಳಿಯತ್ತಾ?"

"ಉಳಿದೀತು."

"ಉಳೀದಿದ್ರೆ ಎಲ್ಲಿ ಬೀಳತ್ತೆ?"

ಅಣ್ಣ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡತೊಡಗಿದ. ಎದುರಿನ ಗೋಡೆಯ ನಕ್ಷೆಯಲ್ಲಿ ಉಪಗ್ರಹದ ಹಾದಿ ಊರುಗಳ ಮೇಲೆ, ಶಾಲೆ ಆಸ್ಪತ್ರೆಗಳೆನ್ನದೆ, ದಾರದಂತೆ ಹಾದುಹೋಗಿತ್ತು.

"ಬೇಗ ಹೇಳು, ಪುಟ್ಟಿ. ಹೊತ್ತಾಗ್ತಿದೆ."

ಅವಳು ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕಳಿಸಿಬಿಡು."

"ಯೋಚನೆ ಮಾಡಿ ಹೇಳು."

"ಇನ್ನೊಂದ್ಸಲ ಕೇಳಬೇಡ ಅಣ್ಣಾ. ಕೇಳಿದ್ರೆ ಬೇಡ ಅಂದುಬಿಡ್ತೀನಿ."

ಅವನು ಕೇಳಲಿಲ್ಲ. ಆದೇಶ ಹೋಯಿತು. ಪರದೆಯ ಮೇಲೆ ಈ ವರ್ಷದ ಗಾಳಿಯ ಗೆರೆ ಇಳಿಯುತ್ತ ಇಳಿಯುತ್ತ ಬಂದು, ಗಾಳಿ ಹೊರಳುವ ಸೊನ್ನೆಗಿಂತ ಉಗುರಿನಷ್ಟು ಮೇಲೆ ನಿಂತುಹೋಯಿತು. ಆ ಸಂದಿಯ ಮೇಲೆ ಅವಳು ಬೆರಳಿಟ್ಟಳು. ಅಣ್ಣ ಕಂಪ್ಯೂಟರ್ ಆರಿಸಲು ಕೈ ಚಾಚಿದವನು, ಅವಳು ಬೆರಳು ತೆಗೆಯುವುದನ್ನೇ ಕಾಯುತ್ತ ಕುಳಿತ.