ಒಣಗದ ಪುಡಿ

ನಮ್ಮ ಲ್ಯಾಬಿನಲ್ಲಿ ಎಡವಟ್ಟು ಮಾಡಿದವರು ಶುಕ್ರವಾರ ಬೆಳಿಗ್ಗೆ ಕೇಕ್ ತರಬೇಕು. ಏನು ಮಾಡಿದೆ ಎಂದು ಎಲ್ಲರ ಮುಂದೆ ಹೇಳಬೇಕು. ಕೇಕ್ ತಿಂದ ಮೇಲೆ ಆ ಮಾತನ್ನು ಮತ್ತೆ ಯಾರೂ ಎತ್ತಬಾರದು. ಕೋಪನ್‌ಹೇಗನ್ನಿನ ಹೊರವಲಯದ ಈ ಮೂರನೇ ಮಹಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಪುಡಿ ತೂಗುತ್ತಿರುವವಳು ನಾನು, ವಿಬೆಕೆ. ಒಡೆದ ಗಾಜಿಗೆ, ಚೆಲ್ಲಿದ ಎಣ್ಣೆಗೆ ಬೇಕಾದಷ್ಟು ಕೇಕ್ ತಂದಿದ್ದೇನೆ. ಈ ಸಲದ್ದನ್ನು ಹೊತ್ತು ಮೆಟ್ಟಿಲು ಹತ್ತುವಾಗ ಮಾತ್ರ ಪ್ರತಿ ಮಹಡಿಯಲ್ಲೂ ನಿಂತೆ.

ಆಸ್ಗರ್ ಮೂರು ವರ್ಷಗಳಿಂದ ನಮ್ಮಲ್ಲಿ ರಬ್ಬರಿನ ಕೃತಕ ಸ್ನಾಯು ಮಾಡುತ್ತಿದ್ದ. ಕೂದಲಿನಷ್ಟು ತೆಳುವಾದ ಸಿಲಿಕೋನ್ ಹಾಳೆಯ ಎರಡೂ ಬದಿಗೆ ಇಂಗಾಲದ ಮಸಿ ಬಳಿದು ವಿದ್ಯುತ್ ಕೊಟ್ಟರೆ ಅದು ಹಿಂಡಿಕೊಂಡು ಅಗಲವಾಗುತ್ತದೆ. ಆದರೆ ಅದಕ್ಕೆ ಸಾವಿರಾರು ವೋಲ್ಟ್ ಬೇಕು. ಬೇರಿಯಂ ಟೈಟನೇಟ್ ಎಂಬ ಬಿಳಿ ಪುಡಿ ಬೆರೆಸಿದರೆ ಕಡಿಮೆ ವಿದ್ಯುತ್ತಿಗೇ ಹಿಗ್ಗಬೇಕು. ಹಿಗ್ಗುವುದೆಲ್ಲಿ ಬಂತು! ಪುಡಿ ಹೆಚ್ಚಿದಷ್ಟೂ ಹಾಳೆ ಬಿಗಿಯುತ್ತದೆ, ಇಲ್ಲವೇ ಕಿಡಿ ಹಾರಿ ತೂತು ಬೀಳುತ್ತದೆ. ತೂತು ನೋಡಿ ನೋಡಿ ಸೋತವನ ಒಂದು ಹಾಳೆ ಹೋದ ತಿಂಗಳು ಮೊದಲಿನ ಅರ್ಧದಷ್ಟು ವೋಲ್ಟಿಗೇ ಹಿಗ್ಗಿತು. ಅದನ್ನು ನಂಬಿ ಮುಖ್ಯಸ್ಥೆ ಹೆಲ್ಲೆ ಅವನ ಕೆಲಸವನ್ನು ಇನ್ನೆರಡು ವರ್ಷ ಮುಂದುವರಿಸಲು ಅರ್ಜಿ ಬರೆದಿದ್ದಳು. ಅದನ್ನು ಕಳಿಸಲು ಈ ಶುಕ್ರವಾರವೇ ಕೊನೆಯ ದಿನ. ಇಲ್ಲದಿದ್ದರೆ ಭಾನುವಾರಕ್ಕೆ ಅವನ ಕೆಲಸ ಮುಗಿಯಿತು.

ಪುಡಿಯನ್ನು ಬೆರೆಸುವ ಮೊದಲು ಓವನ್‌ನಲ್ಲಿ ಮೂರು ದಿನ ಒಣಗಿಸಬೇಕು. ಯಾರು ಯಾವಾಗ ಇಟ್ಟರು, ತೆಗೆದರು ಎಂದು ಓವನ್ ಬಾಗಿಲಿನ ಚೀಟಿಯಲ್ಲಿ ಬರೆಯುತ್ತೇವೆ. ಹೋದ ಶುಕ್ರವಾರ ಹಳೆಯ ಚೀಟಿ ಕೀಳುವಾಗ ಆಸ್ಗರನ ಹೆಸರಿನ ಕೆಳಗೆ ನನ್ನದೇ ಅಕ್ಷರ ಕಂಡಿತು: ‘ಬೇರೆಯವರಿಗೆ ಜಾಗ ಬೇಕು, ಇಟ್ಟ ಒಂದೇ ತಾಸಿಗೆ ತೆಗೆದಿದ್ದೇನೆ. ಮತ್ತೆ ಇಡುತ್ತೇನೆ.’ ಇಡಲೇ ಇಲ್ಲ. ತಟ್ಟೆ ಸಿಂಕಿನ ಪಕ್ಕ ಕೂತಿತ್ತು. ಒಣಗಿದೆ ಎಂದುಕೊಂಡು ನಾನೇ ಅವನ ಕೈಗಿತ್ತೆ. ಹಿಗ್ಗಿದ ಆ ಹಾಳೆಗೆ ಹಾಕಿದ್ದು ಅದೇ ಪುಡಿ. ಅದರಲ್ಲಿದ್ದ ತೇವ ರಬ್ಬರನ್ನು ಪೂರ್ತಿ ಗಟ್ಟಿಯಾಗಲು ಬಿಟ್ಟಿರಲಿಲ್ಲ. ಮೆತ್ತಗೆ ಉಳಿದದ್ದಕ್ಕೇ ಅದು ಹಿಗ್ಗಿತ್ತು. ಒಣಗಿದ ಪುಡಿ ಹಾಕಿ ಇನ್ನೊಂದು ಹಾಳೆ ಮಾಡಿ ನೋಡಿದೆ. ಅಷ್ಟೇ ವೋಲ್ಟಿಗೆ ಅದು ಅಲುಗಲೂ ಇಲ್ಲ.

ಚೀಟಿ ಹರಿದು ಎಸೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನಾಚಿಕೆಯಾಗುತ್ತದೆ.

“ಏನಮ್ಮಾ, ಈ ಸಲ ಏನ್ ಒಡ್ದೆ?” ಕೇಕನ್ನು ಮೇಜಿನ ಮೇಲಿಡುತ್ತಿದ್ದಂತೆ ಆಸ್ಗರ್ ಚಾಕು ಹಿಡಿದೇ ಬಂದ. “ಕೊಬ್ಬರಿ ಕೇಕ್ ಅಂದ್ಮೇಲೆ ದೊಡ್ಡ ಎಡವಟ್ಟೇ ಇರ್ಬೇಕು.”

“ನಿನ್ನ ಹಾಳೆ,” ಎಂದೆ.

ಅವನು ನಕ್ಕ. ನಾನು ಚೀಟಿಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವನ ನಗು ನಿಧಾನಕ್ಕೆ ಇಳಿಯಿತು.

“ಯಾವಾಗ ಗೊತ್ತಾಯ್ತು?”

“ಹೋದ ಶುಕ್ರವಾರ.”

“ಅಂದ್ರೆ ವಾರವೆಲ್ಲಾ ಗೊತ್ತಿದ್ಕೊಂಡೇ ನನ್ ಜೊತೆ ಕೂತು ಕಾಫಿ ಕುಡ್ದೆ.”

“ಕುಡ್ದೆ ಕಣೋ.”

“ಅರ್ಜಿ ಕಳ್ಸೋಕಾಗಲ್ಲ, ಆಸ್ಗರ್,” ಎಂದಳು ಹೆಲ್ಲೆ.

ಉಳಿದವರು ತಲೆ ಎತ್ತದೆ ತಿಂದರು. ಆಸ್ಗರ್ ತನ್ನ ತುಂಡು ಮುಟ್ಟದೆ ಎದ್ದು ಹೋದ. ಇಷ್ಟು ವರ್ಷಗಳಲ್ಲಿ ನನ್ನ ಕೇಕನ್ನು ಯಾರೂ ಹಾಗೆ ಬಿಟ್ಟು ಹೋಗಿರಲಿಲ್ಲ. ಸಾಕಪ್ಪಾ ಈ ಕೆಲಸ ಅನ್ನಿಸಿತು.

ಮಧ್ಯಾಹ್ನ ನಾನು ತಕ್ಕಡಿಯ ಮುಂದೆ ಸುಮ್ಮನೆ ಕೂತಿದ್ದಾಗ ಅವನು ಬೆಳಿಗ್ಗೆ ಬಿಟ್ಟು ಹೋಗಿದ್ದ ಕೇಕಿನ ತಟ್ಟೆ ಹಿಡಿದು ಬಂದ. ನಿಂತುಕೊಂಡೇ ಕೊನೆಯ ಚೂರಿನವರೆಗೂ ತಿಂದ.

“ಗಂಟಲಲ್ಲಿ ಇಳೀತಿಲ್ಲ,” ಎಂದ. “ಕೇಕಾದ್ರೂ ಚೆನ್ನಾಗಿ ಒಣಗಿಸ್ದೆಯಲ್ಲ, ಪುಣ್ಯಾತ್ಗಿತ್ತಿ.”

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವನು ಅದನ್ನು ನೋಡದವನಂತೆ ಹೊಸ ಪುಡಿಯ ತಟ್ಟೆಯನ್ನು ಓವನ್‌ಗೆ ಇಟ್ಟು, ಚೀಟಿಯಲ್ಲಿ ಹೆಸರು ಬರೆದ.

“ಮೆತ್ತಗಿದ್ರೆ ಹಿಗ್ಗುತ್ತೆ ಅಂತಾದ್ರೂ ಗೊತ್ತಾಯ್ತಲ್ಲ. ಪುಡಿ ಒಣಗಿಸಿ, ರಬ್ಬರನ್ನೇ ಮೆತ್ತಗೆ ಮಾಡಿ ನೋಡ್ಬೇಕು. ಸೋಮವಾರ ತೆಗೀಬೇಕು ಇದನ್ನ.”

“ಸೋಮವಾರ ನೀನಿರಲ್ಲ.”

“ಅದಕ್ಕೇ. ನೀನೇ ತೆಗಿ. ಅಲ್ಲೀವರೆಗೆ ಯಾರು ಜಾಗ ಕೇಳಿದ್ರೂ ಕೊಡ್ಬೇಡ.”

ಅವನು ಪೆನ್ನನ್ನು ನನ್ನ ಕೈಗೆ ಕೊಟ್ಟ. ಅವನ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ.